ಶನಿವಾರ ಗೊತ್ತು, ಇದ್ಯಾವ ವಾರ?

ನಮ್ಮ ಮನೆಯಲ್ಲಿ ಗೋಲ್ ಆಗುವ ಮೊದಲೇ ಪಕ್ಕದ ಮನೆಯಲ್ಲಿ ಆಗಿಬಿಡುತ್ತದೆ.

ತುಮಕೂರಿನ ಕ್ಯಾತ್ಸಂದ್ರದಲ್ಲಿ ನಮ್ಮದು ಗೋಡೆಗೆ ಗೋಡೆ ಅಂಟಿದ ಮನೆ. ಪಕ್ಕದವರ ಟಿವಿಗೆ ಮಾಳಿಗೆ ಮೇಲಿನ ಡಿಶ್. ನನ್ನ ಟಿವಿಗೆ ಮೊಬೈಲ್ ಇಂಟರ್ನೆಟ್. ಎರಡಕ್ಕೂ ಹೆಚ್ಚು ಕಡಿಮೆ ಅರ್ಧ ನಿಮಿಷದ ವ್ಯತ್ಯಾಸ. ನನ್ನ ಟಿವಿಯಲ್ಲಿ ಚೆಂಡು ಇನ್ನೂ ನಡು ಮೈದಾನದಲ್ಲಿ ತೂಕಡಿಸುತ್ತಿರುವಾಗ ಗೋಡೆಯಾಚೆಯಿಂದ ಪಿಯುಸಿ ಹುಡುಗ "ಗೋಓಓಲ್" ಅಂತ ಅರಚುತ್ತಾನೆ. ಆಮೇಲೆ ನಾನು ಕೂತು, ಯಾರು ಹೊಡೆಯುತ್ತಾರೆ, ಹೇಗೆ ಹೊಡೆಯುತ್ತಾರೆ ಅಂತ ಕಾಯಬೇಕು. ಹರಿಕಥೆಯಲ್ಲಿ ರಾವಣ ಸಾಯುತ್ತಾನೆ ಅಂತ ಗೊತ್ತಿದ್ದೂ ಕೇಳುತ್ತೇವಲ್ಲ, ಹಾಗೆ.

ಇದಕ್ಕೆ ನಾನು ಒಗ್ಗಿಹೋಗಿದ್ದೆ. ಗೋಡೆ ಕೂಗಿತು ಅಂದರೆ ಗೋಲ್ ಗ್ಯಾರಂಟಿ. ಅಡುಗೆಮನೆಯಲ್ಲಿದ್ದರೂ ಓಡಿ ಬಂದು ನೋಡುವಷ್ಟು ಪುರುಸೊತ್ತು ಸಿಗುತ್ತಿತ್ತು. ವಿಡಿಯೋ ರೆಫರಿ ಬಂದ ಮೇಲೆ ಆ ಗೋಡೆಯನ್ನೂ ನಂಬುವ ಹಾಗಿಲ್ಲ.

ವಿಡಿಯೋ ಅಸಿಸ್ಟೆಂಟ್ ರೆಫರಿ. ಕರೆಯುವಾಗ ಚಿಕ್ಕದಾಗಿ ವಾರ್. ಮೊದಲ ಸಲ ಈ ಹೆಸರು ಕಿವಿಗೆ ಬಿದ್ದಾಗ ಅಮ್ಮ ಅವರೆಕಾಯಿ ಸುಲಿಯುತ್ತಾ ಕೇಳಿದಳು, "ಶನಿವಾರ ಗೊತ್ತು, ಸೋಮವಾರ ಗೊತ್ತು. ಇದ್ಯಾವ ವಾರ?" ನಾನು ವಿವರಿಸಿದೆ. ಮೈದಾನದಲ್ಲಿ ಒಬ್ಬ ರೆಫರಿ ಇರುತ್ತಾನೆ. ಎಲ್ಲೋ ದೂರದ ಕೋಣೆಯಲ್ಲಿ ಇನ್ನೊಬ್ಬ ಟಿವಿಗಳ ಮುಂದೆ ಕೂತಿರುತ್ತಾನೆ. ಗೋಲ್, ಪೆನಾಲ್ಟಿ, ನೇರ ರೆಡ್ ಕಾರ್ಡ್, ಒಬ್ಬನ ಬದಲು ಇನ್ನೊಬ್ಬನಿಗೆ ಕೊಟ್ಟ ಕಾರ್ಡ್, ಈ ನಾಲ್ಕರಲ್ಲಿ ತಪ್ಪಾದರೆ ಕಿವಿಯಲ್ಲಿ ಹೇಳುತ್ತಾನೆ. 2018ರ ರಷ್ಯಾ ವಿಶ್ವಕಪ್‌ನಲ್ಲಿ ಬಂತು, 2019ರಿಂದ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೂ ಬಂತು. ಅಮ್ಮ ಎಲ್ಲ ಕೇಳಿ, "ಕ್ರಿಕೆಟ್‌ನಲ್ಲಿ ಯಾವತ್ತಿನಿಂದಲೋ ಇದೆಯಲ್ಲ, ಇದರಲ್ಲೇನು ಹೊಸದು" ಅಂದಳು.

ಅವಳ ಮಾತು ಸುಳ್ಳಲ್ಲ. 1992ರಲ್ಲಿ ಡರ್ಬನ್ ಟೆಸ್ಟ್‌ನಲ್ಲಿ ಟಿವಿ ನೋಡಿ ಔಟ್ ಕೊಟ್ಟ ಮೊದಲ ಬ್ಯಾಟ್ಸ್‌ಮನ್ ನಮ್ಮ ಸಚಿನ್ನೇ. ಆದರೆ ಕ್ರಿಕೆಟ್ ಎಂದರೆ ಅರ್ಧ ಕಾಯುವ ಆಟ. ಬೌಲರ್ ನಡೆದು ವಾಪಸ್ ಹೋಗುವಷ್ಟರಲ್ಲಿ ಒಂದು ವಡೆ ತಿನ್ನಬಹುದು. ಫುಟ್‌ಬಾಲ್‌ನಲ್ಲಿ 90 ನಿಮಿಷ ಕಣ್ಣು ಪಿಳುಕಿಸದೆ ಕೂತರೆ ಸಿಗುವುದು ಒಂದೋ ಎರಡೋ ಗೋಲು. ಕೆಲವು ಸಲ ಅದೂ ಇಲ್ಲ. ಆ ಒಂದು ಕ್ಷಣ ಬಾಯ್ತುಂಬ ಕೂಗೋಣ ಅಂದರೆ ಬೇಡ ಅನ್ನುತ್ತಾರೆ. ತಡೀರಿ, ಪರಿಶೀಲನೆಯಲ್ಲಿದೆ. ಕಂದಾಯ ಇಲಾಖೆ ಭಾಷೆ!

ಈಗ ನಾನು ಗೋಲನ್ನು ಕಂತಿನಲ್ಲಿ ಸಂಭ್ರಮಿಸುತ್ತೇನೆ. ಚೆಂಡು ಬಲೆಗೆ ಬಿದ್ದರೆ ಕುರ್ಚಿಯಿಂದ ಅರ್ಧ ಏಳುವುದು. ಕೈ ಎದೆ ಮಟ್ಟದವರೆಗೆ ಮಾತ್ರ. ಲೈನ್ಸ್‌ಮನ್ ಬಾವುಟ ನೋಡುವುದು. ರೆಫರಿ ಕಿವಿಗೆ ಬೆರಳಿಟ್ಟನಾ ನೋಡುವುದು. ಇಟ್ಟಿದ್ದರೆ ಮಂಗಳಾರತಿ ತಟ್ಟೆ ತನ್ನ ಹತ್ತಿರ ಬರುತ್ತೋ ಇಲ್ಲವೋ ಗೊತ್ತಾಗದ ಭಕ್ತನ ಹಾಗೆ ಕೈ ಅರ್ಧಕ್ಕೇ ಹಿಡಿದು ನಿಂತಿರುವುದು. ಕೊನೆಗೆ ಗೋಲ್ ಅಂತ ಖಾತ್ರಿ ಆಗುವಷ್ಟರಲ್ಲಿ ಕೂಗುವ ಹುಮ್ಮಸ್ಸೇ ಹೋಗಿರುತ್ತದೆ. "ಹೂಂ, ಸರಿ" ಅಂದು ಕೂರುತ್ತೇನೆ.

ಈ ಶಿಸ್ತು ಕಲಿತದ್ದು ಸುಮ್ನೆ ಅಲ್ಲ. 2023ರ ಸೆಪ್ಟೆಂಬರ್ 30, ಶನಿವಾರ. ಟಾಟನ್‌ಹ್ಯಾಮ್ ಮೈದಾನದಲ್ಲಿ ನನ್ನ ಮೆಚ್ಚಿನ ಲಿವರ್‌ಪೂಲ್ ತಂಡದ ಪಂದ್ಯ. ನಮ್ಮಲ್ಲಿ ರಾತ್ರಿ ಹತ್ತಕ್ಕೆ ಶುರು. ಅಮ್ಮ ಮಲಗಿದ್ದಳು. ಮಲಗುವ ಮೊದಲು ಹಾಲ್‌ನಲ್ಲಿ ಹಳೇ ಸೀರೆ ಹಾಸಿ ಬ್ಯಾಡಗಿ ಮೆಣಸಿನಕಾಯಿ, ಧನಿಯಾ ಹರಡಿದ್ದಳು. ಮಾರನೆ ದಿನ ಸಾರಿನ ಪುಡಿ ಮಾಡಿಸಬೇಕು. "ಕೂಗಬೇಡ, ತುಳಿಯಬೇಡ" ಅಂತ ಎರಡೇ ಷರತ್ತು. ನಾನು ಟೀಪಾಯ್ ಮೇಲೆ ದೊಡ್ಡ ಲೋಟದ ತುಂಬ ಬಿಸಿ ಹಾಲು ಇಟ್ಟುಕೊಂಡು ಕೂತೆ.

ನಮ್ಮ ಕಡೆಯ ಕರ್ಟಿಸ್ ಜೋನ್ಸ್‌ಗೆ ಮೊದಲು ಹಳದಿ ಕಾರ್ಡ್. ಆಮೇಲೆ ವಾರ್ ಕರೆದು ಅದನ್ನೇ ಕೆಂಪು ಮಾಡಿಸಿ ಅವನನ್ನು ಹೊರಗೆ ಕಳಿಸಿತು. ಆಗಲೇ ಹೊಟ್ಟೆ ಉರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಗೋಡೆ ಕೂಗಿತು. "ಗೋಓಓಲ್!" ಆ ಹುಡುಗನೂ ಲಿವರ್‌ಪೂಲ್. ಹತ್ತೇ ಜನರಿಟ್ಟುಕೊಂಡು ಗೋಲ್! ನಾನು ಎದ್ದೆ ಅನ್ನುವುದಕ್ಕಿಂತ ಹಾರಿದೆ. ಮೊಣಕಾಲು ಟೀಪಾಯ್‌ಗೆ ಬಡಿಯಿತು. ಲೋಟ ಎರಡು ಪಲ್ಟಿ ಹೊಡೆದು ಸೀದಾ ಧನಿಯಾ ಮೇಲೆ. ಹಾಲು ಸೀರೆ ತುಂಬ ಹರಿದು ಮೆಣಸಿನಕಾಯಿ ಕಡೆ ಹೊರಟಿತು. ತಡೆಯಲು ಹೋಗಿ ಬರಿಗಾಲಲ್ಲಿ ಮೆಣಸಿನಕಾಯಿ ತುಳಿದೆ. ಚರಚರ ಸದ್ದು. ಘಾಟು ಮೂಗಿಗೆ ಏರಿ ನಾಲ್ಕು ಸೀನು.

ಅಷ್ಟರಲ್ಲಿ ಗೋಡೆ ಗಪ್‌ಚಿಪ್.

ನನ್ನ ಟಿವಿಯಲ್ಲಿ ಇನ್ನೂ ಗೋಲೇ ಆಗಿರಲಿಲ್ಲ! ಕಾಲ ಕೆಳಗೆ ಹಾಲು, ಬೆರಳ ಸಂದಿಯಲ್ಲಿ ಮೆಣಸಿನ ಬೀಜ, ಕಣ್ಣಲ್ಲಿ ನೀರು. ಹಾಗೇ ನಿಂತು ನೋಡಿದೆ. ನಮ್ಮ ಲೂಯಿಸ್ ಡಿಯಾಜ್ ಓಡಿದ, ಒದ್ದ, ಚೆಂಡು ಬಲೆಗೆ ಹೋಯಿತು. ಎಷ್ಟು ಚೆನ್ನಾಗಿತ್ತು ಅಂತೀರಿ. ಆದರೆ ಈ ಗೋಲ್ ಉಳಿಯಲ್ಲ ಅಂತ ನನಗೆ ಮುಂಚೆಯೇ ಗೊತ್ತಿತ್ತು. ಪಾಸ್ ಒದ್ದ ಕ್ಷಣದಲ್ಲಿ ಎದುರಾಳಿ ರಕ್ಷಕರನ್ನು ದಾಟಿ ಮುಂದೆ ನಿಂತಿದ್ದ ಅಂತ ಬಾವುಟ ಏರಿತು. ಆಫ್‌ಸೈಡ್.

ಮಜಾ ಇರುವುದು ಆಮೇಲೆ. ಡಿಯಾಜ್ ಆಫ್‌ಸೈಡ್ ಆಗಿರಲೇ ಇಲ್ಲ. ವಿಡಿಯೋ ಕೋಣೆಯಲ್ಲಿ ಕೂತವರಿಗೂ ಅದು ಸರಿಯಾಗಿಯೇ ಕಂಡಿತ್ತು. ಆದರೆ ಮೈದಾನದಲ್ಲಿ ಗೋಲ್ ಕೊಟ್ಟಿದ್ದಾರೆ ಅಂತ ಅವರು ಅಂದುಕೊಂಡಿದ್ದರು. ಅಲ್ಲಿ ಕೊಟ್ಟಿದ್ದು ಆಫ್‌ಸೈಡ್. "ಚೆಕ್ ಕಂಪ್ಲೀಟ್" ಅಂತ ಹೇಳಿ ಮುಗಿಸಿದರು. ಗೋಲ್ ಸರಿ ಇದೆ ಅಂತ ಇವರ ಅರ್ಥ, ಆಫ್‌ಸೈಡ್ ಸರಿ ಇದೆ ಅಂತ ಮೈದಾನದವರ ಅರ್ಥ. ತಪ್ಪು ಗೊತ್ತಾಗುವ ಹೊತ್ತಿಗೆ ಆಟ ಮತ್ತೆ ಶುರುವಾಗಿತ್ತು. ಶುರುವಾದ ಮೇಲೆ ಹಿಂದಕ್ಕೆ ಹೋಗುವ ಹಾಗಿಲ್ಲ. ಇದಕ್ಕೆ ಬೇರೆ ಯಾರಾದರೂ ನಕ್ಕಾರು, ನಾವು ಕನ್ನಡದವರು ನಗುವ ಹಾಗಿಲ್ಲ. ನಮ್ಮ "ಆಯ್ತು" ಇನ್ನೇನು? ಕೆಲಸ ಮುಗಿದರೂ ಆಯ್ತು, ಮಾಡ್ತೀನಿ ಅನ್ನಲಿಕ್ಕೂ ಆಯ್ತು, ಸಾಕು ಬಿಡು ಅನ್ನಲಿಕ್ಕೂ ಆಯ್ತು. ನಮ್ಮ ಮನೆಯ ನಲ್ಲಿ ರಿಪೇರಿ ಮೂರು ತಿಂಗಳಿಂದ "ಆಯ್ತು ಸಾರ್" ಸ್ಥಿತಿಯಲ್ಲೇ ಇದೆ.

ಲಿವರ್‌ಪೂಲ್ ಕೊನೆಗೆ 2-1ರಿಂದ ಸೋತಿತು, ಅದೂ ಕೊನೇ ಗಳಿಗೆಯಲ್ಲಿ ನಮ್ಮವನೇ ನಮ್ಮ ಬಲೆಗೆ ಹಾಕಿದ ಗೋಲಿನಿಂದ. ಆ ರಾತ್ರಿಯೇ ರೆಫರಿಗಳ ಸಂಸ್ಥೆ ತಪ್ಪು ಒಪ್ಪಿಕೊಂಡಿತು. ಬೆಳಿಗ್ಗೆ ಅಮ್ಮ ಸೊಂಟಕ್ಕೆ ಕೈಯಿಟ್ಟು ಸೀರೆಯ ಮುಂದೆ ನಿಂತಿದ್ದಳು.

"ಇದು ಗೋಲ್ ಆಗಿದ್ದಕ್ಕೋ, ಆಗದೇ ಇದ್ದಿದ್ದಕ್ಕೋ?"

"ಆಗಿತ್ತಮ್ಮ. ಅವರೇ ಒಪ್ಪಿಕೊಂಡಿದ್ದಾರೆ."

"ಹಾಗಾದ್ರೆ ಗೋಲ್ ವಾಪಸ್ ಕೊಟ್ರಾ?"

"ಇಲ್ಲ."

"ಮತ್ತೆ ಈ ಮೆಣಸಿನಕಾಯಿ?"

ಒಂದು ಕೆಜಿ ಬ್ಯಾಡಗಿ ನನ್ನ ದುಡ್ಡಲ್ಲಿ ಬಂತು. ಧನಿಯಾ ಬೇರೆ.

ಯಂತ್ರ ಅಂದರೆ ನನಗೆ ಆಗಲ್ಲ ಅಂತಲ್ಲ. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆ ದಾಟಿ ಒಳಗೆ ಬಿದ್ದು ಹೊರಗೆ ಪುಟಿದಿತ್ತು. ಜಗತ್ತಿಗೆಲ್ಲ ಕಂಡಿತು, ರೆಫರಿಗೆ ಕಾಣಲಿಲ್ಲ. 2014ರ ವಿಶ್ವಕಪ್ ಹೊತ್ತಿಗೆ ಗೋಲ್ ಗೆರೆಗೆ ಯಂತ್ರ ಬಂತು. ದಾಟಿದರೆ ಸೆಕೆಂಡಿನೊಳಗೆ ರೆಫರಿಯ ವಾಚಿಗೆ ಸುದ್ದಿ. ಅಷ್ಟೇ. ಯಾರೂ ಕೈ ಅರ್ಧಕ್ಕೆ ಹಿಡಿದು ನಿಲ್ಲಬೇಕಿಲ್ಲ. ಅಂಥ ಯಂತ್ರ ಇನ್ನೂ ಹತ್ತು ಬರಲಿ.

ಆಫ್‌ಸೈಡ್ ಯಂತ್ರದ್ದು ಬೇರೆ ಕಥೆ. 2022ರ ಕತಾರ್ ವಿಶ್ವಕಪ್‌ಗೆ ಸ್ಟೇಡಿಯಂ ಛಾವಣಿಯಡಿ 12 ಕ್ಯಾಮೆರಾ ಹಾಕಿದ್ದರು. ಒಬ್ಬೊಬ್ಬ ಆಟಗಾರನ ಮೈಮೇಲೆ 29 ಜಾಗ, ಸೆಕೆಂಡಿಗೆ 50 ಸಲ ಲೆಕ್ಕ. ಚೆಂಡಿನ ಹೊಟ್ಟೆಯಲ್ಲಿ ಸೆಕೆಂಡಿಗೆ 500 ಸಲ ಸುದ್ದಿ ಕಳಿಸುವ ಸೆನ್ಸರ್. ಅರ್ಜೆಂಟೀನಾ ಮತ್ತು ಸೌದಿ ಪಂದ್ಯ ಮಂಗಳವಾರ ಮಧ್ಯಾಹ್ನ ಮೂರೂವರೆಗೆ. ಆಫೀಸಿನ ಮೇಜಿನಡಿ ಮೊಬೈಲ್ ಇಟ್ಟುಕೊಂಡು ನೋಡಿದೆ. ಮೊದಲರ್ಧದಲ್ಲಿ ಮೆಸ್ಸಿಯ ಒಂದು ಗೋಲ್ ಬಿಟ್ಟು ಅರ್ಜೆಂಟೀನಾದವರು ಇನ್ನೂ ಮೂರು ಸಲ ಚೆಂಡು ಬಲೆಗೆ ಹಾಕಿದರು, ಮೂರೂ ಆಫ್‌ಸೈಡ್. ಮೂರು ಸಲ ಏಳಲು ಹೋಗಿ ಮೂರು ಸಲ ಕೂತೆ. ಮೂರನೇ ಸಲ ಮೇಲಧಿಕಾರಿ ಬಂದು "ಬೆನ್ನು ನೋವಾ?" ಅಂತ ವಿಚಾರಿಸಿದರು. ಹೌದು ಅಂದೆ. ಅರ್ಜೆಂಟೀನಾ 2-1ರಿಂದ ಸೋತ ದುಃಖಕ್ಕೆ ಮುಖವೂ ಹೊಂದಿತು, ಬೇಗ ಮನೆಗೆ ಕಳಿಸಿದರು. ಅಂದಹಾಗೆ ಮೆಸ್ಸಿ ಪೆನಾಲ್ಟಿಯಲ್ಲಿ ಹೊಡೆದ ಆ ಒಂದು ಗೋಲಿತ್ತಲ್ಲ, ಆ ಪೆನಾಲ್ಟಿ ಕೊಡಿಸಿದ್ದೂ ವಾರೇ. ಅದು ಒಳ್ಳೆಯ ವಾರ್. ಅದರ ಬಗ್ಗೆ ನಾನು ಎಲ್ಲೂ ಜಾಸ್ತಿ ಮಾತಾಡುವುದಿಲ್ಲ.

2024ರ ಯೂರೋ ಕಪ್‌ನಲ್ಲಿ ಡೆನ್ಮಾರ್ಕ್‌ಗೆ ಆದದ್ದು ಇನ್ನೂ ಘೋರ. ಜರ್ಮನಿ ವಿರುದ್ಧ ಆಂಡರ್ಸನ್ ಗೋಲ್ ಹೊಡೆದ. ಜೊತೆಯವನೊಬ್ಬನ ಕಾಲ್ಬೆರಳು ಮುಂದಿತ್ತು ಅಂತ ತೆಗೆದರು. ಒಂದೆರಡು ನಿಮಿಷಕ್ಕೆ ಅದೇ ಆಂಡರ್ಸನ್ ಕೈಗೆ ಚೆಂಡು ಸವರಿದೆ ಅಂತ ಜರ್ಮನಿಗೆ ಪೆನಾಲ್ಟಿ. ಕೊಡುವುದಿರಲಿ, ಕೊಟ್ಟಿದ್ದನ್ನು ಕಿತ್ತುಕೊಂಡು ಪಕ್ಕದವನಿಗೆ ಕೊಟ್ಟ ಹಾಗಾಯಿತು. ಇನ್ನು 2025ರ ಮಾರ್ಚ್‌ನಲ್ಲಿ ಬೋರ್ನ್‌ಮತ್ ಮತ್ತು ವೂಲ್ವ್ಸ್ ನಡುವಿನ, ಇಂಗ್ಲೆಂಡಿನ ಎಫ್‌ಎ ಕಪ್ ಪಂದ್ಯ. ಒಂದು ಗೋಲ್ ಸರಿಯೋ ತಪ್ಪೋ ನೋಡಲು ಸುಮಾರು ಎಂಟು ನಿಮಿಷ! ನಮ್ಮ ಕ್ಯಾತ್ಸಂದ್ರದ ಹೋಟೆಲಿನಲ್ಲಿ ಎಂಟು ನಿಮಿಷದಲ್ಲಿ ಎರಡು ತಟ್ಟೆ ಇಡ್ಲಿ ತಿಂದು, ಚಟ್ನಿ ಎರಡನೇ ಸಲ ಹಾಕಿಸಿಕೊಂಡು, ಕೈ ತೊಳೆದು ಬರಬಹುದು. ಅಷ್ಟು ಹೊತ್ತು ನೋಡಿ ಕೊನೆಗೆ ಗೋಲ್ ಇಲ್ಲ ಅಂದರು.

ನಮ್ಮ ದೇಶದ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನಲ್ಲಿ ವಾರ್ ಇರಲಿಲ್ಲ ಅಂತ ನಾನೇ ಖುಷಿಪಟ್ಟ ದಿನವೂ ಉಂಟು. 2023ರ ಮಾರ್ಚ್ 3, ಕಂಠೀರವ ಸ್ಟೇಡಿಯಂ, ನಮ್ಮ ಬೆಂಗಳೂರಿಗೂ ಕೇರಳಕ್ಕೂ ಪಂದ್ಯ. ಕೇರಳದವರು ಇನ್ನೂ ಚೆಂಡಿಗೆ ಅಡ್ಡಲಾಗಿ ಸಾಲು ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೇಟ್ರಿ ಫ್ರೀಕಿಕ್ ಒದ್ದು ಗೋಲ್ ಮಾಡಿಬಿಟ್ಟರು. ಕೇರಳದವರು ಸಿಟ್ಟಿಗೆದ್ದು ಮೈದಾನ ಬಿಟ್ಟು ಹೋದರು. ಗೆಲುವು ಬೆಂಗಳೂರಿಗೆ. ಅವತ್ತು ನಾನು ಒಂದೇ ಸಲಕ್ಕೆ ಪೂರ್ತಿ ಎದ್ದು ಪೂರ್ತಿ ಕೂಗಿದೆ. ಕೊಚ್ಚಿಯಲ್ಲಿ ಕೂತು ನೋಡಿದ್ದರೆ ಅವತ್ತೇ ವಾರ್ ಬೇಕು ಅಂತ ಧರಣಿ ಕೂರುತ್ತಿದ್ದೆನೇನೋ.

ಇಷ್ಟೆಲ್ಲ ಊರ ತುಂಬ ಹೇಳಿಕೊಂಡು ಓಡಾಡಿದ್ದೇ ತಪ್ಪಾಯಿತು. ಕಳೆದ ದಸರಾ ರಜೆಯಲ್ಲಿ ಬಡಾವಣೆಯ ಹುಡುಗರು ಖಾಲಿ ಸೈಟಿನಲ್ಲಿ ಪಂದ್ಯ ಇಟ್ಟರು. ಮೇಲಿನ ಬೀದಿ, ಕೆಳಗಿನ ಬೀದಿ. "ಅಂಕಲ್‌ಗೆ ರೂಲ್ಸ್ ಎಲ್ಲ ಗೊತ್ತು" ಅಂತ ನನ್ನ ಕೊರಳಿಗೆ ಸೀಟಿ ಕಟ್ಟಿದರು.

ಆಟ ಮುಗಿಯಲು ಎರಡು ನಿಮಿಷ. ಸಮ ಸಮ. ಮೇಲಿನ ಬೀದಿಯವನು ಒದ್ದ ಚೆಂಡು ಕಂಬಕ್ಕೆ ಬಡಿದು ಸುಣ್ಣದ ಗೆರೆ ಮೇಲೆ ಬಿತ್ತು. ಕೀಪರ್ ಎಳೆದುಕೊಂಡ. ದಾಟಿತ್ತಾ? ನಿಜ ಹೇಳುತ್ತೇನೆ, ಆ ಹೊತ್ತಿಗೆ ನಾನು ಕಣ್ಣಿಗೆ ಬಿದ್ದ ಧೂಳು ಉಜ್ಜುತ್ತಿದ್ದೆ. ಅರ್ಧ ಜನ "ಗೋಲ್", ಅರ್ಧ ಜನ "ಇಲ್ಲ". ಆಗ ಯಾರೋ ಕೂಗಿದರು, "ವಿಡಿಯೋ ಇದೆ ವಿಡಿಯೋ ಇದೆ!"

ಗೋಲಿನ ಪಕ್ಕದ ಕಾಂಪೌಂಡ್ ಮೇಲೆ ಕೂತಿದ್ದ ಏಳನೇ ಕ್ಲಾಸಿನ ಹುಡುಗ ಅವರಮ್ಮನ ಮೊಬೈಲಿನಲ್ಲಿ ಎಲ್ಲ ಹಿಡಿದಿದ್ದ. ಬ್ಯಾಟರಿ 4 ಪರ್ಸೆಂಟ್. ಮೂವತ್ತು ತಲೆ ನನ್ನ ಭುಜದ ಮೇಲೆ. ಅರ್ಜೆಂಟೀನಾ ಕಥೆ ಹೇಳುವ ನಾನು ರೆಫರಿಯ ಹಾಗೆ ಗಾಳಿಯಲ್ಲಿ ಚೌಕ ಬರೆದು, ಗಂಭೀರವಾಗಿ ಸ್ಕ್ರೀನ್ ನೋಡಿದೆ. ಸ್ಕ್ರೀನಿಗೆ ಮೂಲೆಯಿಂದ ಮೂಲೆಗೆ ಒಂದು ಬಿರುಕು. ಆ ಬಿರುಕು ಹೋಗಿ ಹೋಗಿ ಸರಿಯಾಗಿ ಗೋಲ್ ಗೆರೆಯ ಮೇಲೇ ಕೂತಿತ್ತು. ಬಿರುಕನ್ನು ಗೆರೆ ಅಂದುಕೊಂಡರೆ ಗೋಲ್. ಬಿಳಿ ಸುಣ್ಣವನ್ನು ಗೆರೆ ಅಂದುಕೊಂಡರೆ ಅಲ್ಲ. ಮೇಲಿನ ಬೀದಿಯವರು ಬಿರುಕಿನ ಪಕ್ಷ. ಕೆಳಗಿನ ಬೀದಿಯವರು ಸುಣ್ಣದ ಪಕ್ಷ. "ಜೂಮ್ ಮಾಡಿ ಅಂಕಲ್." ಮಾಡಿದೆ. ಚೆಂಡು ಹೋಗಿ ಬರೀ ಮಸುಕು ಬಂತು. "ಹಿಂದಕ್ಕೆ ಹಿಂದಕ್ಕೆ." ಹೋದೆ. ಜಾಸ್ತಿ ಹಿಂದಕ್ಕೆ ಹೋಗಿ ಯಾರದೋ ಗೃಹಪ್ರವೇಶ ಬಂತು.

ಮತ್ತೆ ಪಂದ್ಯಕ್ಕೆ ಬಂದು ಹೆಬ್ಬೆರಳಿನಿಂದ ಒಂದೊಂದೇ ಚಿತ್ರ ಸರಿಸುತ್ತಾ, ಇನ್ನೇನು ಚೆಂಡು ನೆಲ ಮುಟ್ಟಬೇಕು, ಫೋನ್ ರಿಂಗ್ ಆಯಿತು. ಬೆರಳು ಹಸಿರು ಗುಂಡಿಯ ಮೇಲೇ ಇತ್ತು. ಸ್ಪೀಕರ್ ಬೇರೆ ಆನ್.

"ಲೋ, ಬರುವಾಗ ಅರ್ಧ ಲೀಟರ್ ಹಾಲು ತಗೊಂಡು ಬಾ, ಆಯ್ತಾ?"

ಹುಡುಗನ ಅಮ್ಮನ ದನಿ. ಹೆಂಗಸರು ಆ ದನಿಯಲ್ಲಿ ಕೇಳಿದರೆ ನನ್ನ ಬಾಯಿಂದ ಬರುವುದು ಒಂದೇ ಮಾತು.

"ಆಯ್ತು" ಅಂದೆ.

"ಆಯ್ತಂತೆ! ಗೋಲ್ ಆಯ್ತಂತೆ!" ಮೇಲಿನ ಬೀದಿಯವರು ಗೋಲ್ ಹೊಡೆದವನನ್ನು ಹೆಗಲ ಮೇಲೆ ಎತ್ತಿಕೊಂಡು ಓಡಿಯೇಬಿಟ್ಟರು. ನಾನು ಸೀಟಿ ಊದಿದೆ. ಆಟ ಮುಗಿದ ಸೀಟಿ ಅಂತ ಉಳಿದವರೂ ತಿಳಿದುಕೊಂಡರು. ಫೋನ್ ಆಫ್ ಆಗಿತ್ತು.

ಕೆಳಗಿನ ಬೀದಿಯವರು ಗೇಟಿನ ಹತ್ತಿರ ಗುಂಪಾಗಿ ನಿಂತು ನನ್ನನ್ನೇ ನೋಡುತ್ತಿದ್ದರು. ನಮ್ಮ ಮನೆ ಇರುವುದು ಕೆಳಗಿನ ಬೀದಿಯಲ್ಲಿ. ನಾನು ಏಳನೇ ಕ್ಲಾಸಿನ ಹುಡುಗನ ಕೈ ಹಿಡಿದುಕೊಂಡು, "ಬಾರೋ, ನಿಮ್ಮಮ್ಮ ಹಾಲು ಹೇಳಿದ್ದಾರೆ" ಅಂತ ಹಿಂದಿನ ಮುರುಕು ಕಾಂಪೌಂಡ್ ಹಾರಿ ಹಾಲಿನ ಬೂತಿನ ಕಡೆ ನಡೆದೆ.