ಸರದಿಯ ಕುರ್ಚಿ

ಕುರ್ಚಿಯಲ್ಲಿ ಕೂರುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಏಳಿಸುವುದಕ್ಕೆ ಮಾತ್ರ ಕಾನೂನೇ ಬೇಕಾಗುತ್ತದೆ. ಹೀಗೆ ಕಾನೂನಿಗೆ ತಲೆಬಾಗಿ ಒಂದೇ ಕುರ್ಚಿಯಿಂದ ನಾಲ್ಕು ಬಾರಿ ಎದ್ದುಹೋದ ವಕೀಲರೊಬ್ಬರಿದ್ದರು: ಸ್ವಿಟ್ಜರ್ಲೆಂಡ್ ಒಕ್ಕೂಟದ ಮೊದಲ ಅಧ್ಯಕ್ಷ ಯೋನಾಸ್ ಫುರರ್. 1805ರಲ್ಲಿ ವಿಂಟರ್‌ಟೂರ್ ಊರಿನಲ್ಲಿ ಬೀಗ ಮಾಡುವವರೊಬ್ಬರ ಮಗನಾಗಿ ಹುಟ್ಟಿದ ಇವರು ಜರ್ಮನಿಗೆ ಹೋಗಿ ಕಾನೂನು ಓದಿದರು. ವಕೀಲಿಯಲ್ಲಿ ಹೆಸರು ಮಾಡಿ, 1845ರಲ್ಲಿ ಜ್ಯೂರಿಕ್ ಪ್ರಾಂತ್ಯದ ಆಡಳಿತಕ್ಕೆ ಮುಖ್ಯಸ್ಥರಾದರು.

1847ರ ನವೆಂಬರಿನಲ್ಲಿ ಸ್ವಿಸ್ ಪ್ರಾಂತ್ಯಗಳು ತಮ್ಮತಮ್ಮಲ್ಲೇ ಕಾದಾಡಿದವು. ಯುದ್ಧ ತಿಂಗಳೊಳಗೆ ಮುಗಿಯಿತು. ಮರುವರ್ಷ ಸಿದ್ಧವಾದ ಸಂವಿಧಾನವು ಅಧಿಕಾರವನ್ನು ಏಳು ಜನರ ಮಂಡಳಿಗೆ ಒಪ್ಪಿಸಿ, ಅವರಲ್ಲೊಬ್ಬರು ವರ್ಷದ ಮಟ್ಟಿಗೆ ಅಧ್ಯಕ್ಷರಾಗಲಿ ಎಂದಿತು. ಅವಧಿ ಮುಗಿಸಿದವರು ಮುಂದಿನ ವರ್ಷ ಅಧ್ಯಕ್ಷರಾಗುವುದಿರಲಿ, ಉಪಾಧ್ಯಕ್ಷರೂ ಆಗಕೂಡದೆಂದು ಬಾಗಿಲನ್ನು ಭದ್ರವಾಗಿ ಮುಚ್ಚಿತು. ಆ ಬಾಗಿಲಿಗೆ ಬೀಗ ಹಾಕಿದವರ ಪೈಕಿ ಬೀಗದವರ ಮಗನೂ ಇದ್ದರೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಫುರರ್ 1849ರ ಕೊನೆಗೆ ಅಧ್ಯಕ್ಷಗಿರಿ ಬಿಟ್ಟರು. ಬಿಟ್ಟವರು ಊರಿಗೇನೂ ಹೋಗಲಿಲ್ಲ. ಬರ್ನ್ ನಗರದ ಎರ್ಲಾಖರ್‌ಹೋಫ್ ಎಂಬ ಹಳೆಯ ಮಹಲಿನಲ್ಲಿ, ಅದೇ ಏಳು ಜನರ ನಡುವೆ, ನ್ಯಾಯ ಮತ್ತು ಪೊಲೀಸ್ ಇಲಾಖೆಯ ಕಡತಗಳನ್ನು ಮುಂದಿಟ್ಟುಕೊಂಡು ಕುಳಿತರು. ನಿನ್ನೆಯವರೆಗೆ ತಾವು ನಡೆಸುತ್ತಿದ್ದ ಸಭೆಯನ್ನು ಇಂದು ಹೊಸ ಅಧ್ಯಕ್ಷ ಆನ್ರಿ ಡ್ರುಯೆ ನಡೆಸುವಾಗ, ಎಲ್ಲರಂತೆ ತಾವೂ ಒಂದು ಮತ ಹಾಕಿ ಸುಮ್ಮನಿರುವುದು ಸುಲಭದ ಕೆಲಸವಲ್ಲ. ನಮ್ಮ ಕಡೆಯ ಸಹಕಾರ ಸಂಘಗಳಲ್ಲಿ ಮಾಜಿ ಅಧ್ಯಕ್ಷರಾದವರು ಮಹಾಸಭೆಗೆ ಬಂದರೆ ಮುಂದಿನ ಸಾಲನ್ನಾದರೂ ಬಯಸುತ್ತಾರೆ. ಫುರರ್ ಅವರ ಸರದಿ 1852, 1855, 1858ರಲ್ಲಿ ಮತ್ತೆ ಮತ್ತೆ ಬಂತು. ಪ್ರತಿ ಸಲವೂ ಡಿಸೆಂಬರಿಗೆ ಮುಗಿದು ಅವರು ತಮ್ಮ ಇಲಾಖೆಗೆ ಹಿಂದಿರುಗಿದರು.

ಆದರೆ ಈ ವ್ಯವಸ್ಥೆಗೆ ಇನ್ನೊಂದು ಮುಖವಿತ್ತು. ಅಧ್ಯಕ್ಷರ ಕುರ್ಚಿ ವರ್ಷಕ್ಕೊಮ್ಮೆ ಖಾಲಿಯಾಗುತ್ತಿದ್ದರೂ ಮಂಡಳಿಯ ಕುರ್ಚಿ ಅಷ್ಟು ಸಲೀಸಾಗಿ ಖಾಲಿಯಾಗುತ್ತಿರಲಿಲ್ಲ. ಮಂಡಳಿಯವರಿಗೆ ಆಗ ನಿವೃತ್ತಿವೇತನವೆಂಬುದೇ ಇರಲಿಲ್ಲವಾದ್ದರಿಂದ, ಮೈಯಲ್ಲಿ ಕಸುವಿಲ್ಲದಿದ್ದರೂ ಹುದ್ದೆ ಬಿಡಲು ಯಾರಿಗೂ ಧೈರ್ಯ ಬರುವಂತಿರಲಿಲ್ಲ. ಮೊದಲ ಮಂಡಳಿಯ ಏಳು ಜನರಲ್ಲಿ ನಾಲ್ವರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಅವರಲ್ಲಿ ಕೊನೆಯವರು ಫುರರ್: 1861ರ ಜುಲೈನಲ್ಲಿ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ರಾಗಾಟ್ಸ್ ಊರಿನಲ್ಲಿ ಅವರು ಕಣ್ಣುಮುಚ್ಚಿದಾಗ, ಮಂಡಳಿಯ ಸದಸ್ಯರಾಗಿಯೇ ಇದ್ದರು.