ರಘು ದೀಕ್ಷಿತ್ ಬಗ್ಗೆ ಓಡಾಡುತ್ತಿರುವ ಮೆಸೇಜು: ಒಂದು ಸ್ಪಷ್ಟನೆ

‘ನಮ್ಮ ಮೈಸೂರಿನ ರಘು ದೀಕ್ಷಿತ್ ಸಿನಿಮಾ ಹಾಡಿನಿಂದ ಹೆಸರು ಮಾಡಿ, ಆಮೇಲೆ ಬ್ಯಾಂಡ್ ಕಟ್ಟಿದರು. ಗುಡುಗುಡಿಯ ಸೇದಿ ನೋಡೋ ಹಾಡು ಅವರೇ ಬರೆದಿದ್ದು.’ ಈ ಮೆಸೇಜು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಪೂರ್ತಿ ಓದದೇ ನಾನೂ ಇಬ್ಬರಿಗೆ ಕಳಿಸಿದ್ದೆ, ಹಾಗಾಗಿ ತಪ್ಪಲ್ಲಿ ನನ್ನ ಪಾಲೂ ಇದೆ.

ಮೈಸೂರಿನವರು ಅನ್ನೋದು ಸರಿ. ಹುಟ್ಟಿದ್ದು ನಾಸಿಕ್‌ನಲ್ಲಾದರೂ ಬೆಳೆದಿದ್ದು ಇಲ್ಲೇ. ಓದಿದ್ದು ಮೈಕ್ರೋಬಯಾಲಜಿ, ಜೊತೆಗೆ ಕಲಿತದ್ದು ಭರತನಾಟ್ಯ!

ಉಳಿದದ್ದು ತಲೆಕೆಳಗು. 1990ರ ದಶಕದ ಕೊನೆಯಲ್ಲೇ ಅವರ ‘ಅಂತರಾಗ್ನಿ’ ಬ್ಯಾಂಡ್ ಇತ್ತು. ಅದು ಮುಗಿದ ಮೇಲೆ ತಮ್ಮ ಹೆಸರಿನಲ್ಲೇ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಶುರು ಮಾಡಿದರು. ಮೊದಲ ಆಲ್ಬಂ ಬಂದದ್ದು 2008ರಲ್ಲಿ, ಹಿಂದಿ ಸಿನಿಮಾ ಸಂಗೀತದ ಜೋಡಿ ವಿಶಾಲ್-ಶೇಖರ್ ಅವರ ಲೇಬಲ್‌ನಿಂದ (ಆಲ್ಬಂ ಕಂಪನಿ). ‘ಸೈಕೋ’ ಚಿತ್ರಕ್ಕೆ ಸಂಗೀತ ಕೊಟ್ಟಿದ್ದೂ ಅದೇ ವರ್ಷ. ಅಂದರೆ ಬ್ಯಾಂಡೇ ಮೊದಲು.

ಇನ್ನು ಗುಡುಗುಡಿ. ಮೊನ್ನೆ ಅಗ್ರಹಾರದ ಟೀ ಅಂಗಡಿಯಲ್ಲಿ ಒಬ್ಬ ಹುಡುಗ ಮೊಬೈಲಲ್ಲಿ ಅದನ್ನೇ ಹಾಕಿಕೊಂಡು, ‘ಎಂಥಾ ಲಿರಿಕ್ಸ್ ಬರೆದಿದ್ದಾರೆ ಅಲ್ವಾ ಸಾರ್’ ಅಂದ. ಬರೆದವರು ಶಿಶುನಾಳ ಶರೀಫರು ಕಣಪ್ಪ, ತೀರಿಕೊಂಡಿದ್ದು 1889ರಲ್ಲಿ ಅಂದೆ. ಲೋಟ ಕೆಳಗಿಟ್ಟ. ಗುಡುಗುಡಿ ಅಂದರೆ ಹುಕ್ಕಾ. ಅದನ್ನು ಸೇದುವ ನೆಪದಲ್ಲಿ ಒಡಲೊಳಗಿನ ರೋಗ ತೆಗೆದು ಬಿಸಾಡು ಅನ್ನುವ ತತ್ವಪದ ಅದು. ಗಿಟಾರು, ಡ್ರಮ್ಸು ಸೇರಿಸಿ ಹೊಸ ಅಂಗಿ ತೊಡಿಸಿದ್ದು ಮಾತ್ರ ರಘು. ಅದೇನು ಸಣ್ಣ ಕೆಲಸವಲ್ಲ ಬಿಡಿ.

ಹಳೇ ಮೆಸೇಜು ಇದ್ದರೆ ದಯವಿಟ್ಟು ಡಿಲೀಟ್ ಮಾಡಿ.