ಮರುಹುಟ್ಟಿಗೆ ಅರ್ಜಿ, ಮೂರು ಪ್ರತಿಗಳಲ್ಲಿ

90 ತುಂಬಿದ ಹಿರಿಯರಿಗೆ ನಮ್ಮಲ್ಲಿ ಶಾಲು ಹೊದಿಸುತ್ತೇವೆ. ಕಾಲಿಗೆ ಬಿದ್ದು, ನೂರು ತುಂಬಲಿ ಅನ್ನುತ್ತೇವೆ. ಬೀಜಿಂಗ್‌ನವರ ಪದ್ಧತಿ ಬೇರೆ. 2025ರ ಜುಲೈನಲ್ಲಿ ದಲೈ ಲಾಮಾ ಅವರಿಗೆ 90 ತುಂಬುವ ಹೊತ್ತಿಗೆ ಅವರು ಕಳಿಸಿದ ಶುಭಾಶಯ ಇಷ್ಟೇ: ಸ್ವಾಮಿ, ತಾವು ಸತ್ತ ಮೇಲೆ ಮತ್ತೆ ಹುಟ್ಟುವುದಾದರೆ ನಮ್ಮ ಒಪ್ಪಿಗೆ ತಗೊಂಡೇ ಹುಟ್ಟಬೇಕು.

ಕಥೆ ನಿಮಗೆ ಗೊತ್ತೇ ಇದೆ. ಜುಲೈ 2ಕ್ಕೆ ಹಿಮಾಚಲದ ಧರ್ಮಶಾಲಾ ಊರಿನಿಂದ ದಲೈ ಲಾಮಾ ಒಂದು ಹೇಳಿಕೆ ಕೊಟ್ಟರು. ತಮ್ಮ ನಂತರವೂ ಪರಂಪರೆ ಮುಂದುವರಿಯುತ್ತದೆ, ಮುಂದಿನವರನ್ನು ಗುರುತಿಸುವ ಅಧಿಕಾರ ತಮ್ಮ ಗಾಡೆನ್ ಫೋಡ್ರಂಗ್ ಟ್ರಸ್ಟಿಗೆ ಮಾತ್ರ, ಬೇರೆ ಯಾರಿಗೂ ಇಲ್ಲ ಅಂದರು. ಅದೇ ದಿನ ಚೀನಾದ ವಿದೇಶಾಂಗ ವಕ್ತಾರೆ ಉತ್ತರ ಕೊಟ್ಟರು. ಚಿನ್ನದ ಕೊಡದಲ್ಲಿ ಚೀಟಿ ಎತ್ತಬೇಕು, ಆಮೇಲೆ ಕೇಂದ್ರ ಸರ್ಕಾರ ಒಪ್ಪಬೇಕು. ಅಷ್ಟೇ, ಮುಗೀತು.

ಇದರಲ್ಲಿ ಒಂದು ಸಣ್ಣ ತೊಡಕಿದೆ. ಚೀನಾದ ಕಮ್ಯುನಿಸ್ಟ್ ಪಕ್ಷದ ಸದಸ್ಯರು ನಾಸ್ತಿಕರಾಗಿರಲೇಬೇಕು. ಅದು ಪಕ್ಷದ ನಿಯಮ. ಅವರ ಲೆಕ್ಕದಲ್ಲಿ ಪುನರ್ಜನ್ಮ ಶುದ್ಧ ಮೂಢನಂಬಿಕೆ. ಇರಲಿ, ಅವರವರ ನಂಬಿಕೆ ಅವರವರಿಗೆ. ಆದರೆ ದೆವ್ವ ಇಲ್ಲ ಅಂತ ಭಾಷಣ ಮಾಡುವವನು ದೆವ್ವಗಳಿಗೆ ರೇಷನ್ ಕಾರ್ಡ್ ಹಂಚುತ್ತಾನಾ?

ಹಂಚುತ್ತಾನೆ. ಅದಕ್ಕೊಂದು ಆದೇಶವೇ ಇದೆ. ಆದೇಶ ಸಂಖ್ಯೆ 5, ಚೀನಾದ ಧಾರ್ಮಿಕ ವ್ಯವಹಾರಗಳ ಇಲಾಖೆಯದು. 2007ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಟಿಬೆಟಿನವರು ಟುಲ್ಕು ಅಂತ ಕರೆಯುವ, ಚೀನೀಯರು ‘ಜೀವಂತ ಬುದ್ಧ’ ಅನ್ನುವ ಗುರುಗಳು ಸತ್ತು ಮತ್ತೆ ಹುಟ್ಟುವ ಬಗ್ಗೆ ಒಟ್ಟು 14 ಕಲಮು. ಸರ್ಕಾರಿ ಆದೇಶಗಳನ್ನು ಓದಿ ನಿದ್ದೆ ಬಂದದ್ದುಂಟು, ತಲೆ ಕೆಟ್ಟದ್ದುಂಟು. ನಕ್ಕು ನಕ್ಕು ಓದಿದ ಆದೇಶ ನನಗೆ ಇದೊಂದೇ.

ಹುಟ್ಟುವವರ ‘ಪ್ರಭಾವ’ ಎಷ್ಟು ದೊಡ್ಡದು ಅನ್ನುವುದರ ಮೇಲೆ ಕಡತ ಎಷ್ಟು ಮೇಲಕ್ಕೆ ಹೋಗಬೇಕು ಅನ್ನುವುದು ನಿಂತಿದೆ. ಮಾಮೂಲಿ ಲಾಮಾ ಆದರೆ ಪ್ರಾಂತ್ಯದ ಧಾರ್ಮಿಕ ಇಲಾಖೆ ಸಾಕು. ಸ್ವಲ್ಪ ದೊಡ್ಡವರಾದರೆ ಪ್ರಾಂತ್ಯ ಸರ್ಕಾರ. ಇನ್ನೂ ದೊಡ್ಡವರಾದರೆ ಬೀಜಿಂಗ್‌ನ ಇಲಾಖೆ. ತೀರಾ ದೊಡ್ಡವರಾದರೆ ಸ್ಟೇಟ್ ಕೌನ್ಸಿಲ್, ಅಂದರೆ ಅಲ್ಲಿನ ಸಂಪುಟ. ಗ್ರೂಪ್ ಎ ಲಾಮಾ, ಗ್ರೂಪ್ ಡಿ ಲಾಮಾ. ಅರ್ಜಿ ಹಾಕುವ ಮಠ ನೋಂದಣಿಯಾಗಿರಬೇಕು. ಹುಟ್ಟಿ ಬಂದವರನ್ನು ಸಾಕಿ ಸಲಹುವ ಶಕ್ತಿ ಆ ಮಠಕ್ಕೆ ಇರಬೇಕು. ನಮ್ಮ ಕಡೆ ಮರುಹುಟ್ಟು ಬೇಡ ಅಂತ ನಗರಾಡಳಿತ ಹೇಳಿದರೆ ಅರ್ಜಿಯನ್ನೇ ಹಾಕುವ ಹಾಗಿಲ್ಲ. ವಿದೇಶಿ ಸಂಸ್ಥೆ, ವಿದೇಶಿ ವ್ಯಕ್ತಿಗಳ ಕೈವಾಡ ಕೂಡದು. ಅನುಮತಿ ಇಲ್ಲದೆ ಯಾರನ್ನಾದರೂ ಮರುಹುಟ್ಟು ಅಂತ ಘೋಷಿಸಿದವರಿಗೆ ಶಿಕ್ಷೆ.

ಆ ಕೌಂಟರನ್ನು ಸುಮ್ನೆ ಊಹಿಸಿಕೊಳ್ಳಿ.

‘ಏನಾಗಬೇಕಿತ್ತು?’

‘ಸಾರ್, ನಾನು ಹೋದ ವಾರ ತೀರಿಕೊಂಡೆ. ಮತ್ತೆ ಹುಟ್ಟಬೇಕಿತ್ತು.’

‘ಪ್ರಭಾವದ ಕಾಲಂ ಖಾಲಿ ಬಿಟ್ಟಿದ್ದೀರಲ್ರೀ. ದೊಡ್ಡದಾ, ಬಹಳ ದೊಡ್ಡದಾ?’

‘ಅದನ್ನ ನಾನೇ ಹೇಗೆ ಬರೀಲಿ ಸಾರ್? ಅಹಂಕಾರ ಬಿಡೋಕೆ ಅಂತಲೇ ಎಂಟು ಜನ್ಮ ಎತ್ತಿದ್ದೀನಿ.’

‘ಹಾಗಾದ್ರೆ ಸಾಮಾನ್ಯ ಅಂತ ಹಾಕ್ತೀನಿ. ಮಠದ ನೋಂದಣಿ ಪತ್ರ?’

‘ಮಠ ನೀವೇ ಒಡೆದ್ರಲ್ಲ ಸಾರ್, ಅರವತ್ತರ ದಶಕದಲ್ಲಿ.’

‘ಅದು ಬೇರೆ ಸೆಕ್ಷನ್. ಸಾಹೇಬ್ರು ಮೀಟಿಂಗಲ್ಲಿದ್ದಾರೆ, ಆಮೇಲೆ ಬನ್ನಿ.’

‘ಸಾರ್, ನಮ್ಮಲ್ಲಿ 49 ದಿನದ ಲೆಕ್ಕ ಇದೆ. ಅಷ್ಟರೊಳಗೆ ಇನ್ನೊಂದು ಹೊಟ್ಟೆ ಸೇರಬೇಕು.’

‘ಸತ್ತಿದ್ದೀರಲ್ಲ, ಇನ್ನೇನ್ರೀ ಅವಸರ?’

ಅಂದಹಾಗೆ ಇದಕ್ಕೆ ಆನ್‌ಲೈನ್ ವ್ಯವಸ್ಥೆಯೂ ಇದೆ. ನಕಲಿ ಲಾಮಾಗಳ ಕಾಟ ಜಾಸ್ತಿಯಾಯಿತು ಅಂತ 2016ರ ಜನವರಿಯಲ್ಲಿ ಅಸಲಿ ಜೀವಂತ ಬುದ್ಧರ ಪಟ್ಟಿಯನ್ನು ಇಂಟರ್ನೆಟ್ಟಿಗೆ ಹಾಕಿದರು. ಮೊದಲ ಕಂತಿನಲ್ಲಿ 870 ಹೆಸರು. ಒಂದು ರೀತಿ ಹಾಲ್‌ಮಾರ್ಕ್. ದಲೈ ಲಾಮಾ ಹೆಸರು ಅದರಲ್ಲಿಲ್ಲ. ಅಂದರೆ ಸರ್ಕಾರಿ ದಾಖಲೆ ಪ್ರಕಾರ ಅವರು ಅಸಲಿಯಲ್ಲ. ಆದರೂ ಅವರು ಎಲ್ಲಿ ಮತ್ತೆ ಹುಟ್ಟುತ್ತಾರೆ ಅನ್ನುವುದೇ ಸರ್ಕಾರಕ್ಕೆ ದೊಡ್ಡ ಚಿಂತೆ. ನಕಲಿ ಮಾಲಿನ ಮುಂದಿನ ಮಾಡೆಲ್ ಮೇಲೆ ಇಷ್ಟೊಂದು ಅಕ್ಕರೆ ಯಾಕೋ.

ಅದಕ್ಕೂ ಹಿಂದಿನ ವರ್ಷ ಇನ್ನೊಂದು ತಮಾಷೆ ಆಯಿತು. ಬಹುಶಃ ತಾನೇ ಕೊನೆಯವನಾಗಬಹುದು, ಮತ್ತೆ ಹುಟ್ಟದೇ ಇರಬಹುದು ಅಂತ ದಲೈ ಲಾಮಾ ಆಗ ಅಲ್ಲಲ್ಲಿ ಹೇಳುತ್ತಿದ್ದರು. ಪೀಡೆ ತೊಲಗಿತು ಅಂತ ಪಕ್ಷದವರು ಸಿಹಿ ಹಂಚಬೇಕಿತ್ತು, ಅಲ್ವಾ? ಟಿಬೆಟಿನ ಹಿರಿಯ ಅಧಿಕಾರಿ ಪದ್ಮಾ ಚೋಲಿಂಗ್ ಸಿಟ್ಟಾದರು. ಇದು ಟಿಬೆಟಿನ ಬೌದ್ಧಧರ್ಮಕ್ಕೆ ಮಾಡುವ ಅಪಚಾರ ಅಂದರು. ನಾಸ್ತಿಕ ಪಕ್ಷದ ನಾಯಕರೊಬ್ಬರು ದಲೈ ಲಾಮಾಗೆ ಧರ್ಮದ್ರೋಹದ ಪಾಠ ಹೇಳಿದ್ದು ಲೋಕದಲ್ಲಿ ಅದೇ ಮೊದಲಿರಬೇಕು. ಹುಟ್ಟುತ್ತೇನೆ ಅಂದರೂ ತಪ್ಪು. ಹುಟ್ಟಲ್ಲ ಅಂದರೂ ತಪ್ಪು. ದಲೈ ಲಾಮಾ ಇದಕ್ಕೆಲ್ಲ ತಮ್ಮ ಆ ಗೊಗ್ಗರು ನಗು ನಕ್ಕು ಒಂದೇ ಮಾತು ಹೇಳುತ್ತಾರೆ. ಪುನರ್ಜನ್ಮದಲ್ಲಿ ಇವರಿಗೆ ಅಷ್ಟು ಆಸಕ್ತಿ ಇದ್ದರೆ ಮೊದಲು ಮಾವೋ ಎಲ್ಲಿ ಹುಟ್ಟಿದ್ದಾರೆ ಅಂತ ಹುಡುಕಲಿ, ಆಮೇಲೆ ಡೆಂಗ್ ಶಿಯಾವೊಪಿಂಗ್, ನನ್ನ ವಿಷಯ ಅದಾದ ಮೇಲೆ.

ಚಿನ್ನದ ಕೊಡಕ್ಕೆ ಬರೋಣ. ಅದನ್ನು 1793ರಲ್ಲಿ ಲಾಸಾಕ್ಕೆ ಕಳಿಸಿದ್ದು ಚಿಂಗ್ ವಂಶದ ಚಿಯಾನ್‌ಲಾಂಗ್ ಚಕ್ರವರ್ತಿ. ಮಕ್ಕಳ ಹೆಸರನ್ನು ದಂತದ ಕಡ್ಡಿಗಳ ಮೇಲೆ ಬರೆದು ಕೊಡದೊಳಗೆ ಹಾಕುವುದು, ಒಂದನ್ನು ಎತ್ತುವುದು. ಹದಿಮೂರನೇ ದಲೈ ಲಾಮಾ, ಈಗಿನ ಹದಿನಾಲ್ಕನೆಯವರು, ಇಬ್ಬರೂ ಈ ಚೀಟಿ ಇಲ್ಲದೆಯೇ ಬಂದವರು. ಸಾಂಸ್ಕೃತಿಕ ಕ್ರಾಂತಿಯ ಹೆಸರಿನಲ್ಲಿ ಇದೇ ಪಕ್ಷ ಹಳೆಯದೆಲ್ಲ ನಾಶವಾಗಲಿ ಅಂತ ಹೊರಟಿತ್ತು. ಟಿಬೆಟಿನ ಸಾವಿರಾರು ಮಠಗಳು ಮಣ್ಣಾದವು. ವಿಗ್ರಹಗಳನ್ನು ಕರಗಿಸಿದರು, ಪುಸ್ತಕಗಳನ್ನು ಸುಟ್ಟರು. ಊಳಿಗಮಾನ್ಯ ಅಂದದ್ದೆಲ್ಲ ಹೋಯಿತು. ಚಕ್ರವರ್ತಿಯ ಕೊಡ ಮಾತ್ರ ಪವಿತ್ರ ಸಂಪ್ರದಾಯವಾಗಿ ಉಳಿಯಿತು.

ಆ ಕೊಡವನ್ನು ಹೊರಗೆ ತೆಗೆದದ್ದು 1995ರಲ್ಲಿ. ಹತ್ತನೇ ಪಂಚೆನ್ ಲಾಮಾ 1989ರಲ್ಲಿ ತೀರಿಕೊಂಡಿದ್ದರು. ದಲೈ ಲಾಮಾ ಆದ ಮೇಲೆ ಅತಿ ದೊಡ್ಡ ಗುರುಪೀಠ ಅವರದೇ. 1995ರ ಮೇ 14ಕ್ಕೆ ದಲೈ ಲಾಮಾ ಗೆಧುನ್ ಚೋಕ್ಯಿ ನ್ಯಿಮಾ ಅನ್ನುವ ಹುಡುಗನೇ ಹನ್ನೊಂದನೆಯವನು ಅಂದರು. ಮೂರು ದಿನದಲ್ಲಿ ಆ ಹುಡುಗ, ಅವನ ಅಪ್ಪ ಅಮ್ಮ ಎಲ್ಲರನ್ನೂ ಎತ್ತಿಕೊಂಡು ಹೋದರು. ನವೆಂಬರ್‌ನಲ್ಲಿ ಲಾಸಾದ ಜೋಖಾಂಗ್ ದೇವಾಲಯದಲ್ಲಿ, ಮಧ್ಯರಾತ್ರಿ ದಾಟಿದ ಮೇಲೆ, ಕೊಡದಿಂದ ಚೀಟಿ ಎತ್ತಿಸಿ ಬೇರೊಬ್ಬ ಹುಡುಗನನ್ನು ಕೂರಿಸಿದರು. ಅಲ್ಲಿ ಹಾಜರಿದ್ದ ಹಿರಿಯ ಲಾಮಾ ಅರ್ಜಿಯಾ ರಿನ್ಪೋಚೆ 1998ರಲ್ಲಿ ತಪ್ಪಿಸಿಕೊಂಡು ಅಮೆರಿಕ ಸೇರಿದರು. ಬೇಕಾದ ಕಡ್ಡಿ ಸ್ವಲ್ಪ ಎತ್ತರಕ್ಕೆ ನಿಲ್ಲಲಿ ಅಂತ ಅದರ ಚೀಲದ ಬುಡಕ್ಕೆ ಹತ್ತಿ ತುರುಕಿದ್ದರು ಅಂತ ಅವರು ಆಮೇಲೆ ಹೇಳಿದ್ದಾರೆ. ದೈವೇಚ್ಛೆಗೆ ಹತ್ತಿಯ ಒತ್ತಾಸೆ. ಹುಡುಕಾಟದ ಮುಂದಾಳಾಗಿದ್ದ ತಾಶಿಲ್ಹುನ್ಪೋ ಮಠದ ಚಾಡ್ರೆಲ್ ರಿನ್ಪೋಚೆಗೆ ಆರು ವರ್ಷ ಜೈಲು.

ಆ ಮೊದಲ ಹುಡುಗ ಇವತ್ತಿನವರೆಗೂ ಯಾರ ಕಣ್ಣಿಗೂ ಬಿದ್ದಿಲ್ಲ. 2020ರಲ್ಲಿ ಪತ್ರಕರ್ತರು ಕೇಳಿದ್ದಕ್ಕೆ ಚೀನಾದ ವಕ್ತಾರರು, ಅವನು ಕಾಲೇಜು ಮುಗಿಸಿದ್ದಾನೆ, ಕೆಲಸದಲ್ಲಿದ್ದಾನೆ, ಯಾರೂ ತೊಂದರೆ ಕೊಡುವುದು ಬೇಡ ಅನ್ನುತ್ತಿದ್ದಾನೆ ಅಂದರು. ಒಂದು ಫೋಟೋ ಇಲ್ಲ. ಒಂದು ವಿಳಾಸ ಇಲ್ಲ. ಆರು ವರ್ಷದ ಮಗು ರೀ ಅದು. ಅದು ಏನು ಮಾಡಿತ್ತು? ಒಬ್ಬ ಮುದುಕ ದೂರದಲ್ಲಿ ಕೂತು ಅದರ ಹೆಸರು ಹೇಳಿದ, ಅಷ್ಟೇ. ಅಷ್ಟಕ್ಕೆ ಮೂವತ್ತು ವರ್ಷ. ಪುನರ್ಜನ್ಮದಲ್ಲಿ ನಂಬಿಕೆ ಇಲ್ಲದವರು ಒಂದು ಮಗುವಿನ ಇರುವ ಒಂದೇ ಜನ್ಮವನ್ನು ಮಾಯ ಮಾಡಿದ್ದಾರೆ. ಇದನ್ನು ಯಾವ ತಮಾಷೆಯಲ್ಲಿ ಸುತ್ತಿ ಕೊಡಬೇಕೋ ನನಗೆ ತಿಳಿಯುತ್ತಿಲ್ಲ.

ಇಷ್ಟೆಲ್ಲ ಆದಮೇಲೆ ಜನ ಏನು ಮಾಡುತ್ತಾರೆ? ಬಹಳ ಸಲ ಏನೂ ಮಾಡುವುದಿಲ್ಲ. ಅದೇ ಸರ್ಕಾರಕ್ಕೆ ತಲೆನೋವು. ಸರ್ಕಾರ ಕೂರಿಸಿದ ಪಂಚೆನ್ ಬಂದಾಗ ಬರಹೇಳಿದರೆ ಬರುತ್ತಾರೆ, ನಿಲ್ಲುತ್ತಾರೆ. ಮನೆಗೆ ಹೋಗಿ ಗ್ಯಾ ಪಂಚೆನ್, ಅಂದರೆ ಚೀನೀ ಪಂಚೆನ್ ಅನ್ನುತ್ತಾರೆ. 1996ರಲ್ಲಿ ಮಠಗಳಲ್ಲಿ ದಲೈ ಲಾಮಾ ಫೋಟೋ ಇಡಕೂಡದು ಅಂತ ಆಯಿತು. ಫೋಟೋ ಇನ್ನೊಂದು ಫೋಟೋದ ಹಿಂದಕ್ಕೆ ಹೋಯಿತು. ಮುಂದಿನದಕ್ಕೆ ಧೂಳು, ಹಿಂದಿನದಕ್ಕೆ ನಮಸ್ಕಾರ. ಟಿಬೆಟಿನಲ್ಲಿ 2008ರಲ್ಲಿ ನಡೆದ ಗಲಭೆಯ ನಂತರ ಲ್ಹಕರ್ ಅಂತ ಶುರುವಾಯಿತು. ಬುಧವಾರ ದಲೈ ಲಾಮಾ ಅವರ ವಾರ. ಅವತ್ತು ಟಿಬೆಟಿನ ಬಟ್ಟೆ, ಟಿಬೆಟಿನ ಊಟ, ಟಿಬೆಟಿನ ಮಾತು. ಘೋಷಣೆ ಇಲ್ಲ, ಮೆರವಣಿಗೆ ಇಲ್ಲ. ತ್ಸಂಪಾ, ಅಂದರೆ ಹುರಿದ ಬಾರ್ಲಿ ಹಿಟ್ಟು ತಿಂದ ಅಂತ ಯಾವ ಕಲಮಿನಲ್ಲಿ ಕೇಸು ಹಾಕುತ್ತೀರಿ?

ನನಗೆ ಬಹಳ ಇಷ್ಟವಾದದ್ದು ತುಪ್ಪಳದ ಕಥೆ. ಟಿಬೆಟಿನ ಶ್ರೀಮಂತರಿಗೆ ಹುಲಿ, ಚಿರತೆ, ನೀರುನಾಯಿಗಳ ತುಪ್ಪಳದ ಅಂಚಿನ ಅಂಗಿ ಅಂದರೆ ಆಗ ಬಲು ಅಭಿಮಾನ. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ಕಾಲಚಕ್ರ ಅನ್ನುವ ಬೌದ್ಧ ದೀಕ್ಷಾ ಸಮಾರಂಭ ನಡೆಯಿತು. ದಲೈ ಲಾಮಾ ಅಲ್ಲಿ, ಇದನ್ನು ನೋಡಿದರೆ ನಾಚಿಕೆಯಾಗುತ್ತದೆ, ಬಿಡಿ ಅಂದರು. ಊರಿಗೆ ಮರಳಿದ ಯಾತ್ರಿಕರು ಸುದ್ದಿ ಒಯ್ದರು. ಕೆಲವೇ ವಾರಗಳಲ್ಲಿ ಟಿಬೆಟಿನ ಊರೂರಲ್ಲಿ ಜನ ಬೆಲೆಬಾಳುವ ತುಪ್ಪಳಗಳನ್ನು ತಂದು ರಾಶಿ ಹಾಕಿ ಬೆಂಕಿ ಹಚ್ಚಿದರು. ಹುಲಿಗಳ ಪಾಲಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ. ಚೀನಾ ಸರ್ಕಾರ ಬೆಚ್ಚಿಬಿತ್ತು. ಅದೇ ಸರ್ಕಾರದ ಕಾನೂನಿನಲ್ಲೇ ಹುಲಿಚರ್ಮದ ವ್ಯಾಪಾರ ಅಪರಾಧ. ಆದರೂ ಸುಡಬೇಡಿ ಅಂತ ಹುಕುಂ ಬಂತು. ಟಿವಿ ನಿರೂಪಕರು ತುಪ್ಪಳ ತೊಟ್ಟೇ ಕೂರಬೇಕು ಅಂತ ತಾಕೀತಾಯಿತು ಅನ್ನುವ ವರದಿಗಳೂ ಬಂದವು. ಒಬ್ಬ ಸನ್ಯಾಸಿಯ ಮಾತು ಕೇಳಬಾರದು ಅಂತ ಜನರಿಗೆ ಹುಲಿಚರ್ಮ ಹೊದಿಸಲು ಹೊರಟ ಕ್ರಾಂತಿಕಾರಿ ಸರ್ಕಾರ! ಪೌರಾಣಿಕ ನಾಟಕದ ಕಂಪನಿಯವರೂ ಇಷ್ಟು ಧೈರ್ಯ ಮಾಡುತ್ತಿರಲಿಲ್ಲ.

ಬೇರೆ ಥರದ ಬೆಂಕಿಯೂ ಇದೆ. 2009ರಿಂದ ಈಚೆಗೆ ಟಿಬೆಟಿನಲ್ಲಿ 150ಕ್ಕೂ ಹೆಚ್ಚು ಜನ ತಮಗೆ ತಾವೇ ಬೆಂಕಿ ಹಚ್ಚಿಕೊಂಡಿದ್ದಾರೆ. ಅದರ ಬಗ್ಗೆ ನಾನು ವಿಡಂಬನೆ ಬರೆಯಲಾರೆ.

ನಮ್ಮ ಸರ್ಕಾರ ಏನು ಮಾಡಿತು ಅಂತ ಕೇಳಬಹುದು. ಜುಲೈ 3ಕ್ಕೆ ಕೇಂದ್ರ ಸಚಿವ ಕಿರಣ್ ರಿಜಿಜು, ಇದನ್ನು ದಲೈ ಲಾಮಾ ಮತ್ತು ಅವರ ಪರಂಪರೆಯೇ ತೀರ್ಮಾನಿಸಬೇಕು ಅಂದರು. ಚೀನಾ ಗುಡುಗಿತು. ಮರುದಿನ ನಮ್ಮ ವಿದೇಶಾಂಗ ಇಲಾಖೆ, ನಂಬಿಕೆಯ ವಿಷಯದಲ್ಲಿ ಸರ್ಕಾರ ಯಾವ ನಿಲುವನ್ನೂ ತಳೆಯುವುದಿಲ್ಲ ಅಂತ ಸ್ಪಷ್ಟಪಡಿಸಿತು. ಓದಿ ಖುಷಿಯಾಯಿತು. ನಂಬಿಕೆಯಲ್ಲಿ ಸರ್ಕಾರಕ್ಕೆ ಏನು ಕೆಲಸ, ಅಲ್ವಾ? ಆಮೇಲೆ ನಮ್ಮದೇ ಕರ್ನಾಟಕದ 2022ರ ಮತಾಂತರ ಕಾಯ್ದೆ ನೆನಪಾಯಿತು. ಒಬ್ಬ ವಯಸ್ಕ ತನ್ನ ದೇವರನ್ನು ಬದಲಿಸಬೇಕಾದರೆ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ಫಾರಂ ತುಂಬಿ ಕೊಡಬೇಕು ಅನ್ನುತ್ತದೆ ಅದು. 2023ರಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ಮಾಡಿತು. ಫಾರಂ ನಂಬರ್ ಕೂಡ ಇತ್ತು ಅದಕ್ಕೆ. ಬೀಜಿಂಗ್‌ನವರು ನೋಡಿದರೆ, ಬರೀ ಒಂದು ಜನ್ಮಕ್ಕಾ ಅಂತ ಕೇಳಿಯಾರು.

ಆದರೂ ಒಂದು ಒಳ್ಳೆಯ ಕೆಲಸ ಈ ನೆಲ ಮಾಡಿದೆ. 1959ರಲ್ಲಿ ದಲೈ ಲಾಮಾ ಓಡಿ ಬಂದರು. ಮರುವರ್ಷವೇ ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅವರ ಜನರಿಗೆ ಜಮೀನು ಕೊಟ್ಟಿತು. ಅವರು ನಿಜಲಿಂಗಪ್ಪನವರ ಹೆಸರನ್ನು ಇನ್ನೂ ಬಿಡದೆ ನೆನೆಯುತ್ತಾರೆ. ಆಗ ಅದು ಆನೆಗಳ ಕಾಡು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲ. ಲಾಸಾದ ಸೆರಾ ಮಠ ಈಗ ಬೈಲಕುಪ್ಪೆಯಲ್ಲಿದೆ. ದ್ರೆಪುಂಗ್, ಗಾಡೆನ್ ಮುಂಡಗೋಡಿನಲ್ಲಿವೆ. ಪಂಚೆನ್ ಲಾಮಾಗಳ ತಾಶಿಲ್ಹುನ್ಪೋ ಮಠವೂ 1972ರಿಂದ ಬೈಲಕುಪ್ಪೆಯಲ್ಲಿ ಮತ್ತೆ ಎದ್ದು ನಿಂತಿದೆ. ಅದರ ಯಜಮಾನ ಮಾತ್ರ ಬಂದಿಲ್ಲ. ಮಠಗಳು ಮರುಹುಟ್ಟು ಪಡೆಯುವುದಕ್ಕೆ ಆದೇಶ 5ರಲ್ಲಿ ಕಲಮಿಲ್ಲ, ಬರೆಯುವಾಗ ಮರೆತಿರಬೇಕು.

ನಮ್ಮ ಜನ ವಾರಾಂತ್ಯಕ್ಕೆ ಕುಶಾಲನಗರದ ದಾರಿಯಲ್ಲಿ ಗೋಲ್ಡನ್ ಟೆಂಪಲ್ ಮುಂದೆ ಸೆಲ್ಫಿ ತೆಗೆದುಕೊಂಡು ಒಂದು ಪ್ಲೇಟ್ ಮೊಮೊ ತಿಂದು ಬರುತ್ತಾರೆ. ಪಕ್ಕದ ಟೇಬಲ್ಲಿನ ಟಿಬೆಟಿನ ಅಜ್ಜಿಯ ಊರಲ್ಲಿ ದಲೈ ಲಾಮಾ ಫೋಟೋ ಇಟ್ಟುಕೊಂಡರೆ ಪೊಲೀಸು ಬರುತ್ತದೆ ಅಂತ ಎಷ್ಟು ಜನರಿಗೆ ಗೊತ್ತೋ.

ಮುಂದಿನ ದಲೈ ಲಾಮಾ ಚೀನಾದ ಹೊರಗೆ, ಸ್ವತಂತ್ರ ಜಗತ್ತಿನಲ್ಲೇ ಹುಟ್ಟುತ್ತಾರೆ ಅಂತ ಈಗಿನವರು ಹೇಳಿಬಿಟ್ಟಿದ್ದಾರೆ. ಬೀಜಿಂಗ್ ತನ್ನ ಕೊಡದಿಂದ ಒಬ್ಬರನ್ನು ತೆಗೆಯುವುದೂ ಖಚಿತ. ಇಬ್ಬರಾಗುತ್ತಾರೆ. ಒಬ್ಬರಿಗೆ ಪರ್ಮಿಟ್ ಇರುತ್ತದೆ, ಇನ್ನೊಬ್ಬರಿಗೆ ಭಕ್ತರಿರುತ್ತಾರೆ. ಆ ಎರಡನೆಯವರು ಬೈಲಕುಪ್ಪೆಯಲ್ಲೇ ಯಾಕೆ ಹುಟ್ಟಬಾರದು? ಹವೆ ಚೆನ್ನಾಗಿದೆ, ಮಠ ಪಕ್ಕದಲ್ಲೇ ಇದೆ, ಜೋಳ ಚೆನ್ನಾಗಿ ಬೆಳೆಯುತ್ತದೆ. ಚೀನಾದ ಸಂಪುಟಕ್ಕೆ ಕಡತ ಕಳಿಸುವ ಗೊಡವೆ ಇಲ್ಲ. ಬೇಕಾಗುವುದು ಒಂದು ಜನನ ಪ್ರಮಾಣಪತ್ರ. ಅದರಲ್ಲಿ ತೆಂಜಿನ್ ಅನ್ನುವುದನ್ನು ತಂಗವೇಲು ಅಂತ ಟೈಪ್ ಮಾಡದಿದ್ದರೆ ಸಾಕು. ತಿದ್ದಿಸಬೇಕಾದರೆ ಅಫಿಡವಿಟ್ ಕೇಳುತ್ತಾರೆ, ಅದೂ ಇಬ್ಬರು ಸಾಕ್ಷಿಗಳ ಸಮೇತ.